ಸ್ವಾಧೀನವಾಗುವ ಜಮೀನು: ಪರಿಹಾರದ ಲೆಕ್ಕ ನೀವೇ ಹಾಕಿ ನೋಡಿ

ರಸ್ತೆಗೋ ಕಾಲುವೆಗೋ ಜಮೀನು ಬೇಕೆಂಬ ನೋಟೀಸು ಬಂದೊಡನೆ ರೈತ ಬಾಂಧವರು ಕೇಳುವ ಮೊದಲ ಪ್ರಶ್ನೆ, ‘ಎಕರೆಗೆ ಎಷ್ಟು ಕೊಡುತ್ತಾರೆ?’ ಎಂಬುದು. ಆದರೆ ಪರಿಹಾರವೆಂದರೆ ಮಣ್ಣಿನ ಬೆಲೆಯೊಂದೇ ಅಲ್ಲ.

1894ರ ಕಾಯಿದೆಯ ಬದಲಿಗೆ 2014ರ ಜನವರಿ 1ರಿಂದ ಜಾರಿಗೆ ಬಂದ 2013ರ ಭೂಸ್ವಾಧೀನ ಕಾಯಿದೆಯಂತೆ, ಸರ್ಕಾರದ ಕೆಲಸಕ್ಕೆ ತೆಗೆದುಕೊಳ್ಳುವ ಜಮೀನಿಗೆ ಎರಡು ಬೆಲೆಗಳನ್ನು ಹೋಲಿಸುತ್ತಾರೆ. ಒಂದು, ಮಾರ್ಗಸೂಚಿ ಬೆಲೆ. ಇನ್ನೊಂದು, ಸುತ್ತಲಿನ ಅಂಥದೇ ಜಮೀನುಗಳ ಹಿಂದಿನ 3 ವರ್ಷಗಳ ಕ್ರಯಪತ್ರಗಳಲ್ಲಿ ಹೆಚ್ಚು ಬೆಲೆಯ ಅರ್ಧದಷ್ಟನ್ನು ಆರಿಸಿ ತೆಗೆದ ಸರಾಸರಿ. ಯಾವುದು ಹೆಚ್ಚೋ ಅದೇ ಮಾರುಕಟ್ಟೆ ಬೆಲೆ. ಹಳ್ಳಿಯ ಜಮೀನಾದರೆ, ಪಟ್ಟಣದಿಂದಿರುವ ದೂರಕ್ಕೆ ತಕ್ಕಂತೆ ಅದನ್ನು 1ರಿಂದ 2ರವರೆಗಿನ ಸಂಖ್ಯೆಯಿಂದ ಗುಣಿಸುತ್ತಾರೆ. ಇದಕ್ಕೆ ಮರ, ಬೆಳೆ, ಬಾವಿ ಮುಂತಾದ ಮಾಲ್ಕಿಗಳ ಬೆಲೆ ಸೇರಿಸಿ, ಒಟ್ಟು ಮೊತ್ತದಷ್ಟನ್ನೇ ಮತ್ತೆ ಸಾಂತ್ವನ ಧನವಾಗಿ ಕೊಡತಕ್ಕದ್ದು.

ಉದಾಹರಣೆಗೆ, ಎಕರೆಗೆ 8 ಲಕ್ಷ ರೂ. ಬೆಲೆ, ಗುಣಕ 1.5 ಎಂದಿಟ್ಟುಕೊಳ್ಳಿ. 12 ಲಕ್ಷವಾಯಿತು. ಮಾಲ್ಕಿ 3 ಲಕ್ಷವಾದರೆ 15 ಲಕ್ಷ. ಸಾಂತ್ವನ ಧನ ಸೇರಿ 30 ಲಕ್ಷ. ಅಂದರೆ ಪಟ್ಟಿಯಲ್ಲಿ ಬಿಟ್ಟುಹೋದ 10,000 ರೂ. ಬೆಲೆಯ ತೆಂಗಿನ ಮರವೊಂದರಿಂದ ನಿಮಗೆ 20,000 ರೂ. ನಷ್ಟ!

ಆದ್ದರಿಂದ ಪಹಣಿಯನ್ನು ಈಗಲೇ ತೆಗೆಸಿ ನೋಡಿ. ಅಡಿಕೆ ತೋಟವಿರುವಲ್ಲಿ ರಾಗಿಯೆಂದೂ, ಕೊಳವೆಬಾವಿಯ ನೀರುಣ್ಣುವ ಹೊಲವನ್ನು ಖುಷ್ಕಿಯೆಂದೂ ನಮೂದಿಸಿರುವುದು ಅಪರೂಪವೇನಲ್ಲ. ಜಂಟಿ ಅಳತೆಯ ದಿನ ತಪ್ಪದೆ ಹೊಲದಲ್ಲಿರಿ. ಮರಗಳನ್ನು ವಯಸ್ಸು, ಇಳುವರಿಗಳ ಸಹಿತ ಎಣಿಸಿ ಬರೆಸಿ, ಓದಿದ ಮೇಲೆ ಸಹಿ ಹಾಕಿ. ನೋಟೀಸಿನ ನಂತರ ಸಸಿ ನೆಟ್ಟು ತೋಟವೆಂದು ತೋರಿಸುವವರೂ ಉಂಟು. ಕಾಂಡವೇ ವಯಸ್ಸು ಹೇಳಿಬಿಡುತ್ತದೆ.

ಪ್ರಾಥಮಿಕ ಅಧಿಸೂಚನೆಗೆ ತಕರಾರು ಸಲ್ಲಿಸಲು 60 ದಿನ ಅವಕಾಶವಿದೆ. ಹಣ ಸಾಲದೆನಿಸಿದರೆ ‘ಪ್ರತಿಭಟನೆಯೊಂದಿಗೆ ಪಡೆದಿದ್ದೇನೆ’ ಎಂದು ಬರೆದೇ ಪಡೆಯಿರಿ. ಹಾಗೆ ಬರೆಯದಿದ್ದರೆ ಹೆಚ್ಚಿನ ಪರಿಹಾರ ಕೇಳುವ ಹಕ್ಕು ಹೋಗುತ್ತದೆ. ಐತೀರ್ಪಿನ ವೇಳೆ ಹಾಜರಿದ್ದವರು 6 ವಾರಗಳೊಳಗೆ ಅರ್ಜಿ ಕೊಡಬೇಕು.

ಜಮೀನಿಗೆ ಬದಲು ಜಮೀನು ಎಲ್ಲ ಯೋಜನೆಗಳಲ್ಲೂ ಸಿಗುವುದಿಲ್ಲ. ನೀರಾವರಿ ಯೋಜನೆಗಳಲ್ಲಿ, ಸಾಧ್ಯವಾದ ಮಟ್ಟಿಗೆ, ಜಮೀನಿನ ಪರಿಹಾರಕ್ಕೆ ಬದಲಾಗಿ ಅಚ್ಚುಕಟ್ಟಿನಲ್ಲಿ ಕನಿಷ್ಠ 1 ಎಕರೆ ಕೊಡಬೇಕೆಂದಿದೆ. ಒಪ್ಪುವ ಮುನ್ನ ಆ ನೆಲದಲ್ಲಿ 3 ಅಡಿ ಗುಂಡಿ ತೋಡಿಸಿ, ಮಣ್ಣು ಪರೀಕ್ಷೆ ಮಾಡಿಸಿ. ತುಂಗಭದ್ರಾ, ಕೃಷ್ಣಾ ಅಚ್ಚುಕಟ್ಟುಗಳಲ್ಲಿ ತಗ್ಗಿನ ಎರೆಭೂಮಿ ಎಷ್ಟೋ ಕಡೆ ಸವುಳು-ಜವುಳಾಗಿದೆ. ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿ ಉಪ್ಪು ಕಂಡರೆ, ಬೇರೆ ಜಮೀನು ಬೇಕೆಂದು ಅಲ್ಲೇ ಲಿಖಿತವಾಗಿ ಕೇಳಿ.