ಕಡಲು ನುಂಗಿದ ಪಟ್ಟಣ

ಆಂಗ್ಲರ ನಾಡಿನ ಪೂರ್ವದಂಚಿನಲ್ಲಿ, ಉತ್ತರ ಸಮುದ್ರಕ್ಕೆ ಮುಖಮಾಡಿ ನೀಳವಾಗಿ ಚಾಚಿಕೊಂಡಿರುವ ಸೀಮೆಗೆ ಈಸ್ಟ್ ಸಫೊಕ್ ಎಂದು ಹೆಸರು. ಸಫೊಕ್ ಕೋಸ್ಟಲ್, ವೇವ್ನಿ ಎಂಬೆರಡು ಜಿಲ್ಲೆಗಳನ್ನು ಒಂದುಗೂಡಿಸಿ 2019ರ ಏಪ್ರಿಲ್ 1ರಂದು ರಚಿಸಿದ ಜಿಲ್ಲೆಯಿದು. ಕಾಗದದ ಮೇಲೆ ಗೆರೆ ಎಳೆದವರು ಅಧಿಕಾರಿಗಳು. ಆದರೆ ಸಾವಿರ ವರ್ಷಗಳಿಂದ ಈ ನೆಲದ ಗಡಿಯನ್ನು ತಿದ್ದುತ್ತ ಬಂದಿರುವುದು ಕಡಲು.

ಇಲ್ಲಿಯ ತೀರದಲ್ಲಿ ಬಹುಮಟ್ಟಿಗೆ ಗಟ್ಟಿಬಂಡೆಯೆಂಬುದಿಲ್ಲ. ಮರಳು, ಜೇಡಿಮಣ್ಣು, ಬೆಣಚುಕಲ್ಲುಗಳ ದಿಬ್ಬಗಳಷ್ಟೇ. ಬಿರುಗಾಳಿಯ ಅಲೆಗಳು ಬುಡವನ್ನು ಕೊರೆದೊಡನೆ ಮೇಲಿನ ನೆಲವೂ ಅದರ ಮೇಲಿನ ಮನೆಯೂ ಕುಸಿದು ಬೀಳುತ್ತವೆ. ಇದಕ್ಕೆ ಬಲಿಯಾದ ಊರುಗಳಲ್ಲೆಲ್ಲ ಡನಿಚ್ ಪಟ್ಟಣದ ಕಥೆ ಕರುಣಾಜನಕವಾದುದು.

ಡನಿಚ್ ಒಂದು ಕಾಲಕ್ಕೆ ಹೆಸರಾಂತ ರೇವುಪಟ್ಟಣ. ವಿಲಿಯಂ ದೊರೆ 1086ರಲ್ಲಿ ಮಾಡಿಸಿದ ಭೂಮಾಪನೆಯ ದಫ್ತರದಲ್ಲಿಯೇ ಅಲ್ಲಿಯ ಉಳುವ ನೆಲದಲ್ಲಿ ಒಂದು ಭಾಗವನ್ನು ಕಡಲು ಒಯ್ದಿತೆಂದು ದಾಖಲೆಯಿದೆ. ಆದರೂ ಊರು ಬೆಳೆಯಿತು; ಚರ್ಚುಗಳೂ ಮಠಗಳೂ ಎದ್ದವು. 1286ರ ಚಂಡಮಾರುತವು ಮೊದಲ ದೊಡ್ಡ ಪೆಟ್ಟು ಕೊಟ್ಟಿತು. 1328ರ ಬಿರುಗಾಳಿ ಬೆಣಚುಕಲ್ಲನ್ನು ತಂದು ಸುರಿದು ಬಂದರಿನ ಬಾಯನ್ನೇ ಮುಚ್ಚಿತು. ಹಡಗು ಬಾರದ ಮೇಲೆ ರೇವಿನವರಿಗೆ ಬಾಳುವೆಯೆಲ್ಲಿ? 1347ರಲ್ಲಿ ಸುಮಾರು 400 ಮನೆಗಳು ನೀರುಪಾಲಾದವು.

ಊರು ಮುಳುಗಿದರೂ ಅದರ ರಾಜಕೀಯ ಹಕ್ಕು ಮುಳುಗಲಿಲ್ಲವೆಂಬುದು ಇತಿಹಾಸದ ವಿನೋದ. ಡನಿಚ್ ಪಾರ್ಲಿಮೆಂಟಿಗೆ ಇಬ್ಬರು ಸದಸ್ಯರನ್ನು ಕಳುಹಿಸುತ್ತಲೇ ಇದ್ದಿತು! 1832ರ ಸುಧಾರಣಾ ಶಾಸನವು ಈ ಹಕ್ಕನ್ನು ಕಿತ್ತುಕೊಂಡಾಗ ಅಲ್ಲಿದ್ದ ಮತದಾರರು 32 ಮಂದಿ.

ಆಲ್ ಸೇಂಟ್ಸ್ ಚರ್ಚಿನ ಗೋಡೆಗೆ ಕಡಲು ಮುಟ್ಟಿದ್ದು 1904ರಲ್ಲಿ. ಮುಂದಿನ ಹದಿನೈದಿಪ್ಪತ್ತು ವರ್ಷಗಳಲ್ಲಿ ಗೋಡೆ, ಗೋಪುರಗಳು ಒಂದೊಂದಾಗಿ ಉರುಳಿದವು. ಸ್ಮಶಾನದ ಗೋರಿಗಳು ಬಾಯ್ದೆರೆದು ಎಲುಬುಗಳು ತೀರದ ಮೇಲೆ ಬಿದ್ದವು. ಆ ಚರ್ಚಿನ ಒಂದು ಆನಿಕೆಗಂಬವನ್ನು ಒಳನಾಡಿಗೆ ತಂದು ಸೇಂಟ್ ಜೇಮ್ಸ್ ಚರ್ಚಿನ ಅಂಗಳದಲ್ಲಿ ನಿಲ್ಲಿಸಿದ್ದಾರೆ. ನೀರಿನಡಿಯಿಂದ ಗಂಟೆಯ ದನಿ ಕೇಳುವುದೆಂಬುದು ಜನರ ಮಾತು, ಅದು ಹಾಗಿರಲಿ. ಸೌತಾಂಪ್ಟನ್ ವಿಶ್ವವಿದ್ಯಾಲಯದ ಡೇವಿಡ್ ಸಿಯರ್ ಮತ್ತು ಸಂಗಡಿಗರು 2008ರಿಂದ ಶಬ್ದತರಂಗಗಳ ಉಪಕರಣದಿಂದ ಶೋಧಿಸಿ, ಕಲಕು ನೀರಿನ ಕೆಳಗೆ ಬಿದ್ದಿರುವ ಚರ್ಚುಗಳ ಅವಶೇಷಗಳನ್ನು ಗುರುತಿಸಿದ್ದಾರೆ.

ಕಡಲು ಒಂದೆಡೆ ಕಸಿದುದನ್ನು ಇನ್ನೊಂದೆಡೆ ಒಟ್ಟುವುದೂ ಉಂಟು. ದಕ್ಷಿಣಕ್ಕೆ ಸಾಗಿದ ಬೆಣಚುಕಲ್ಲು ಓರ್ಫರ್ಡ್ ನೆಸ್ ಎಂಬ ಉದ್ದನೆಯ ದಿಣ್ಣೆಯಾಗಿದೆ. ಓಲ್ಡ್ ಎಂಬ ನದಿ ಓಲ್ಡ್‌ಬರದ ಬಳಿ ಕಡಲಿಗೆ ಕೂಗಳತೆಯಲ್ಲಿ ಬಂದೂ, ಈ ದಿಣ್ಣೆ ಅಡ್ಡವಾದುದರಿಂದ, ಹಲವು ಮೈಲಿ ದಕ್ಷಿಣಕ್ಕೆ ಅಲೆದು ಅನಂತರ ಅದನ್ನು ಸೇರುತ್ತದೆ.

ಡನಿಚ್‌ಗೆ ಕೆಲವೇ ಮೈಲಿ ದೂರದ ಸೈಜ್‌ವೆಲ್‌ನಲ್ಲಿ ಅಣುವಿದ್ಯುತ್ ಸ್ಥಾವರವಿದೆ. ಅಲ್ಲಿಯೇ ಮತ್ತೊಂದು ಸ್ಥಾವರಕ್ಕೆ ಸರಕಾರ 2022ರಲ್ಲಿ ಒಪ್ಪಿಗೆಯಿತ್ತಾಗ ವಿರೋಧಿಗಳು ಎತ್ತಿದ ಪ್ರಶ್ನೆಗಳಲ್ಲಿ ಈ ತೀರದ ಸವೆತವೂ ಒಂದು. ಡನಿಚ್‌ನ ಕಥೆ ಬಲ್ಲವರು ಅದನ್ನು ಅನಗತ್ಯ ಭೀತಿಯೆನ್ನಲಾರರು.

ಕನ್ನಡಿಗರಿಗೆ ಈ ಸೀಮೆಯೊಡನೆ ಬೇರೊಂದು ನಂಟಿದೆ. ಉಮರ್ ಖಯ್ಯಾಮನ ಪದ್ಯಗಳನ್ನು 1859ರಲ್ಲಿ ಇಂಗ್ಲಿಷಿಗೆ ತಂದ ಎಡ್ವರ್ಡ್ ಫಿಟ್ಸ್‌ಜೆರಲ್ಡ್ ಇಲ್ಲಿಯ ವುಡ್‌ಬ್ರಿಜ್ ಸೀಮೆಯವನು, ಡಿ.ವಿ.ಜಿ.ಯವರ ‘ಉಮರನ ಒಸಗೆ’ಗೆ ಮೂಲ ಅವನ ಗ್ರಂಥವೇ. ಬೂಲ್ಜ್ ಗ್ರಾಮದ ಚರ್ಚಿನಂಗಳದಲ್ಲಿರುವ ಅವನ ಸಮಾಧಿಯ ಬಳಿ 1893ರಲ್ಲಿ ಗುಲಾಬಿ ಗಿಡವೊಂದನ್ನು ನೆಟ್ಟರು. ಅದರ ಬೀಜ ಬಂದುದು ಪಾರಸೀಕ ದೇಶದ ನಿಶಾಪುರದಿಂದ, ಉಮರನ ಗೋರಿಯ ಬಳಿಯ ಗಿಡದಿಂದ.