ಬೆಟ್ಟ ಅಗೆದ ‘ಎಕ್ಸ್-ಫೈಲ್ಸ್’, ಶಹಾಪುರದ ತೆರೆದ ಕಡತ

ಕಿರುತೆರೆಯ ಧಾರಾವಾಹಿಯೊಂದು ಒಂಬತ್ತು ವರ್ಷ ನಡೆದು ಮುಗಿಯಿತು. ಸುಮಾರು ಹದಿನಾಲ್ಕು ವರ್ಷಗಳ ಅನಂತರ ಅದು ಮತ್ತೆ ಬರುತ್ತದೆಂದರೆ ಅಭಿಮಾನಿಗಳ ಸಂಭ್ರಮ ಹೇಗಿರಬೇಡ? 2016ರ ಜನವರಿ 24ರಂದು ಅಮೆರಿಕದಲ್ಲಿ ‘ದಿ ಎಕ್ಸ್-ಫೈಲ್ಸ್’ನ ಹತ್ತನೆಯ ಸರಣಿ ಆರಂಭವಾದಾಗ ಒಂದೂವರೆ ಕೋಟಿಗೂ ಹೆಚ್ಚು ಜನ ಟಿ.ವಿ. ಮುಂದೆ ಕುಳಿತಿದ್ದರು. ಕಂತು ಮುಗಿದಾಗ ಅವರಲ್ಲಿ ಅನೇಕರ ಮುಖ ಬಾಡಿತ್ತು. ಬೆಟ್ಟ ಅಗೆದು ಇಲಿ ಹಿಡಿದಂತಾಯಿತು ಎಂಬ ಮಾತು ನಮ್ಮಲ್ಲಿದೆಯಲ್ಲ, ಹಾಗೆ.

ದೂರದ ಅಮೆರಿಕದ ಧಾರಾವಾಹಿ ಸೋತರೆ ಯಾದಗಿರಿ, ಶಹಾಪುರ, ಸುರಪುರದ ವಿದ್ಯಾರ್ಥಿಗಳಿಗೆ ಅದರಿಂದೇನು? ಇದೆ. ಆ ಸೋಲಿನಲ್ಲಿ ಒಂದು ಪಾಠವಿದೆ. ಆ ಪಾಠಕ್ಕೆ ಬೇಕಾದ ಪ್ರಯೋಗಶಾಲೆಯೂ ನಮ್ಮ ಸೀಮೆಯಲ್ಲೇ ಇದೆ.

ನಂಬುವವ, ಅಳೆಯುವವಳು

1993ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಈ ಧಾರಾವಾಹಿಯ ಸೃಷ್ಟಿಕರ್ತ ಕ್ರಿಸ್ ಕಾರ್ಟರ್. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನಲ್ಲಿ ಬಿಡಿಸಲಾಗದ ಪ್ರಕರಣಗಳ ಕಡತಗಳಿಗೆ ‘ಎಕ್ಸ್-ಫೈಲ್ಸ್’ ಎಂದು ಹೆಸರು. ಅವನ್ನು ಶೋಧಿಸುವವರು ಇಬ್ಬರು. ಡೇವಿಡ್ ಡುಕೊವ್ನಿ ನಟಿಸಿದ ಮಲ್ಡರ್ ಅನ್ಯಗ್ರಹದ ಜೀವಿಗಳಿದ್ದಾರೆಂದೂ, ಸರ್ಕಾರ ಅದನ್ನು ಮುಚ್ಚಿಡುತ್ತಿದೆಯೆಂದೂ ನಂಬಿದವನು. ಜಿಲಿಯನ್ ಆಂಡರ್‌ಸನ್ ನಟಿಸಿದ ಸ್ಕಲ್ಲಿ ವೈದ್ಯೆ. ಪುರಾವೆ ಎಲ್ಲಿ ಎಂದು ಕೇಳುವವಳು. ಈ ಇಬ್ಬರ ಜಗಳವೇ ಧಾರಾವಾಹಿಯ ಜೀವಾಳ. 2018ರಲ್ಲಿ ಅಮೆರಿಕದಲ್ಲಿ ನಡೆದ ಸಮೀಕ್ಷೆಯೊಂದರಲ್ಲಿ, ವಿಜ್ಞಾನ ಮತ್ತು ತಂತ್ರಜ್ಞಾನ ಕ್ಷೇತ್ರಗಳಲ್ಲಿ ದುಡಿಯುತ್ತಿದ್ದ, ಸ್ಕಲ್ಲಿಯನ್ನು ಬಲ್ಲ ಮಹಿಳೆಯರಲ್ಲಿ ಶೇ 63ರಷ್ಟು ಮಂದಿ ಆಕೆಯೇ ತಮಗೆ ಮಾದರಿ ಎಂದಿದ್ದರು. ಕಿರುತೆರೆಯ ಪಾತ್ರವೊಂದಕ್ಕೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇಕೆ?

ಎಡವಿದ್ದು ಎಲ್ಲಿ?

2016ರ ಮೊದಲ ಕಂತು ಮಾಡಿದ್ದೇನು? ಹಿಂದಿನ ಇನ್ನೂರಕ್ಕೂ ಹೆಚ್ಚು ಕಂತುಗಳಲ್ಲಿ ಎಳೆಎಳೆಯಾಗಿ ನೇಯ್ದ ಕಥೆಯನ್ನು ಕೆಲವೇ ನಿಮಿಷಗಳಲ್ಲಿ ತಿರುವಿ ಹಾಕಿತು. ಅನ್ಯಗ್ರಹದವರು ಭೂಮಿಯನ್ನು ಆಕ್ರಮಿಸಲು ಹೊರಟಿಲ್ಲ. 1947ರಲ್ಲಿ ರಾಸ್ವೆಲ್‌ನಲ್ಲಿ ಸಿಕ್ಕ ಅವರ ತಂತ್ರಜ್ಞಾನವನ್ನು ಹಿಡಿದು ಮನುಷ್ಯರೇ ಇಷ್ಟೆಲ್ಲ ಸಂಚು ಹೂಡಿದ್ದಾರೆ ಎಂದಿತು. ಹೇಳಿದ್ದಾದರೂ ಹೇಗೆ? ಬರ, ಯುದ್ಧ, ರೋಗ, ಗೂಢಚರ್ಯೆ ಎಲ್ಲಕ್ಕೂ ಅದೇ ಕೈ ಕಾರಣವೆಂದು ಮಲ್ಡರ್ ಮತ್ತು ಟಿ.ವಿ. ನಿರೂಪಕನೊಬ್ಬ ಒಂದೇ ಉಸಿರಿಗೆ ಪಟ್ಟಿ ಓದಿದರು. ತನಿಖೆಯಿಲ್ಲ, ತಡವರಿಕೆಯಿಲ್ಲ. ಕೇಳಿದ ಕೂಡಲೇ ಮಲ್ಡರ್ ನಂಬಿಬಿಟ್ಟ.

ಎರಡು ವರ್ಷಗಳ ಅನಂತರ, 2018ರ ಜನವರಿ 3ರಂದು ಹನ್ನೊಂದನೆಯ ಸರಣಿಯ ಮೊದಲ ಕಂತು ಬಂತು. ಜಗತ್ತೇ ಸಾಂಕ್ರಾಮಿಕ ರೋಗದಿಂದ ತತ್ತರಿಸುವ ಹಂತದಲ್ಲಿ ಹಿಂದಿನ ಸರಣಿ ನಿಂತಿತ್ತು. ಈ ಕಂತು ಅದಕ್ಕೆ ಕೊಟ್ಟ ಉತ್ತರ: ಅದೆಲ್ಲ ಸ್ಕಲ್ಲಿಯ ಮನಸ್ಸಿಗೆ ಕಂಡ ಮುನ್ನೋಟ, ನಿಜವಾಗಿ ನಡೆದದ್ದಲ್ಲ! ಎರಡು ವರ್ಷ ಕಾದ ಪ್ರೇಕ್ಷಕನಿಗೆ ಹೇಗಾಗಿರಬೇಡ? ಈ ಬಾರಿ ನೋಡಿದವರ ಸಂಖ್ಯೆ 50 ಲಕ್ಷದ ಆಸುಪಾಸಿಗೆ ಇಳಿದಿತ್ತು. ಅದೇ ವರ್ಷ ಮಾರ್ಚ್ 21ರಂದು ಆ ಸರಣಿಯೂ ಮುಗಿಯಿತು.

ಸಂಚಿನ ಕಥೆಯ ದೌರ್ಬಲ್ಯವೇ ಇದು. ಎಲ್ಲದಕ್ಕೂ ಕಾಣದ ಕೈಯೇ ಕಾರಣ ಎಂದ ಮೇಲೆ ಯಾವ ಪುರಾವೆಗೂ ಬೆಲೆಯಿಲ್ಲ. ಪುರಾವೆ ಸಿಕ್ಕರೆ ‘ನೋಡಿ, ಸಂಚು ಇದೆ’ ಎನ್ನಬಹುದು. ಸಿಗದಿದ್ದರೆ ‘ನೋಡಿ, ಮುಚ್ಚಿಟ್ಟಿದ್ದಾರೆ’ ಎನ್ನಬಹುದು. ನಿನ್ನೆ ಹೇಳಿದ್ದನ್ನು ಇಂದು ಅಳಿಸಿದರೂ ಕೇಳುವವರಿಲ್ಲ.

ಹಾಗಾದರೆ ಗುಟ್ಟುಗಳೇ ಇರುವುದಿಲ್ಲವೆ? ಇರುತ್ತವೆ. ರಾಸ್ವೆಲ್‌ನಲ್ಲಿಯೂ ಒಂದು ಗುಟ್ಟಿತ್ತು. ಸೋವಿಯತ್ ಒಕ್ಕೂಟದ ಅಣು ಪರೀಕ್ಷೆಗಳ ಸದ್ದು ಹಿಡಿಯಲು ಅಮೆರಿಕ ರಹಸ್ಯವಾಗಿ ಹಾರಿಬಿಟ್ಟಿದ್ದ ಬಲೂನುಗಳ ಅವಶೇಷ ಅದೆಂದು ಅಲ್ಲಿನ ವಾಯುಪಡೆ 1994ರಲ್ಲಿ ಹಳೆಯ ದಾಖಲೆಗಳ ಸಹಿತ ವರದಿ ನೀಡಿತು. ಸಂಶಯಪಡುವುದು ತಪ್ಪಲ್ಲ. ಸಂಶಯ ದಾಖಲೆಯ ತನಕ ನಡೆದು ಹೋಗಬೇಕು, ಅಷ್ಟೆ.

ನಮ್ಮೂರ ಎಕ್ಸ್-ಫೈಲ್

ಈಗ ನಮ್ಮ ಸೀಮೆಗೆ ಬನ್ನಿ. ಶಹಾಪುರದ ಬೆಟ್ಟದ ಸಾಲನ್ನು ದೂರದಿಂದ ನೋಡಿದರೆ ಬುದ್ಧ ಮಲಗಿದಂತೆ ಕಾಣುತ್ತದೆ. ಯಾರೂ ಕಡೆದದ್ದಲ್ಲ. ಗಾಳಿ, ಮಳೆ, ಬಿಸಿಲು ಬಂಡೆಯನ್ನು ಸವೆಸಿವೆ. ಮುಖ ಹುಡುಕುವ ಅಭ್ಯಾಸವುಳ್ಳ ನಮ್ಮ ಮಿದುಳು ಅದರಲ್ಲಿ ಬುದ್ಧನನ್ನು ಕಂಡಿದೆ. ನೋಡಿ ಆನಂದಪಡೋಣ, ಕಾರಣವನ್ನೂ ತಿಳಿಯೋಣ.

ಹುಣಸಗಿ ಕಡೆಯ ರಾಜನಕೋಳೂರಿನಲ್ಲಿ ಕಲ್ಲುಚಪ್ಪಡಿಗಳ ಪುಟ್ಟ ಮನೆಗಳಂಥ ರಚನೆಗಳಿವೆ. ಇಂಥವಕ್ಕೆ ಜನ ಮೋರಿಯರ ಮನೆ ಎನ್ನುತ್ತಾರೆ. ಗಿಡ್ಡ ಜನರು ಅಲ್ಲಿ ವಾಸಿಸುತ್ತಿದ್ದರೆಂದು ಕಥೆ. 1841ರಿಂದ ಸುರಪುರದಲ್ಲಿ ಅಧಿಕಾರಿಯಾಗಿದ್ದ ಫಿಲಿಪ್ ಮೆಡೋಸ್ ಟೇಲರ್ ಈ ಭಾಗದ ಶಿಲಾಸಮಾಧಿಗಳನ್ನು ಅಗೆಸಿ, ಅಳೆದು, ಚಿತ್ರ ಬರೆದು ದಾಖಲಿಸಿದರು. ಇಂಥ ನೆಲೆಗಳಲ್ಲಿ ಸಿಕ್ಕದ್ದು ನಮ್ಮಂಥ ಮನುಷ್ಯರ ಎಲುಬು, ಮಡಕೆ, ಕಬ್ಬಿಣದ ಉಪಕರಣ.

ಬೂದಿದಿಬ್ಬಗಳ ಕಥೆಯೂ ಹಾಗೆಯೇ. ಬಳ್ಳಾರಿ ಸೀಮೆಯಲ್ಲಿ ಇವು ರಾಕ್ಷಸರನ್ನು ಸುಟ್ಟ ಬೂದಿ ಎನ್ನುತ್ತಿದ್ದರು. ಸುರಪುರ ಸೀಮೆಯ ಬೂದಿಹಾಳದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯ ಅವರು 1990ರ ದಶಕದಲ್ಲಿ ಉತ್ಖನನ ನಡೆಸಿದರು. ನವಶಿಲಾಯುಗದ ದನಗಾಹಿಗಳ ಊರು, ದನದ ದೊಡ್ಡಿ, ಸುಟ್ಟ ಸಗಣಿಯ ರಾಶಿ ಅಲ್ಲಿ ಬೆಳಕಿಗೆ ಬಂದವು. ಅವರದೇ ತಂಡ ಶೋಧಿಸಿದ ಇಸಾಂಪುರದಲ್ಲಿ ಆದಿಮಾನವರು ಸುಣ್ಣಕಲ್ಲಿನಿಂದ ಆಯುಧ ತಯಾರಿಸುತ್ತಿದ್ದ ಕಾರ್ಯಾಗಾರವೇ ಸಿಕ್ಕಿತು. ಪ್ರಾಣಿಗಳ ಹಲ್ಲಿನ ಪಳೆಯುಳಿಕೆ ಪರೀಕ್ಷಿಸಿ ಅದರ ವಯಸ್ಸು ಸುಮಾರು 12 ಲಕ್ಷ ವರ್ಷವೆಂದು ಲೆಕ್ಕ ಹಾಕಿದ್ದಾರೆ. ಯಾವ ಹಾರುವ ತಟ್ಟೆಯ ಕಥೆ ಇದಕ್ಕೆ ಸಮ?

ಬಿಡಿಸಲಾಗದ ಕಡತವೂ ಇದೆ. ಶಹಾಪುರದ ಸಮೀಪ ವಿಭೂತಿಹಳ್ಳಿಯಲ್ಲಿ ದೊಡ್ಡ ದೊಡ್ಡ ಬಂಡೆಗಳನ್ನು ಸಾಲುಸಾಲಾಗಿ ಇಟ್ಟಿದ್ದಾರೆ. ಯಾರು, ಏಕೆ ಇಟ್ಟರು? ಮಲ್ಡರ್ ಬಂದಿದ್ದರೆ ಆಕಾಶದತ್ತ ಬೆರಳು ತೋರಿಸುತ್ತಿದ್ದ. ಸ್ಕಲ್ಲಿ ಟೇಪು ತೆಗೆಯುತ್ತಿದ್ದಳು. ಸೂರ್ಯ ಹುಟ್ಟುವ, ಮುಳುಗುವ ದಿಕ್ಕಿಗೂ ಈ ಸಾಲುಗಳಿಗೂ ಸಂಬಂಧವಿದೆಯೇ ಎಂದು ಖಗೋಳ ವಿಜ್ಞಾನಿಗಳು ಅಳೆದು ನೋಡಿದ್ದಾರೆ. ಚರ್ಚೆ ಮುಗಿದಿಲ್ಲ. ಆ ಕಡತ ಮುಗಿಸುವವರು ಇಂದು ಶಹಾಪುರದ ಯಾವುದೋ ಶಾಲೆಯ ಎಂಟನೆಯ ತರಗತಿಯಲ್ಲಿ ಕುಳಿತಿರಬಹುದು!

ಆಕಾಶದಿಂದ ಬಂದದ್ದು

ನಮ್ಮ ಸೀಮೆಗೆ ಆಕಾಶದಿಂದ ಸಂಕೇತಗಳು ಬಂದದ್ದು ಮಾತ್ರ ನಿಜ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಉಪಗ್ರಹದ ಮೂಲಕ ನೇರ ಟಿ.ವಿ. ಕಾರ್ಯಕ್ರಮ ತಲುಪಿತು. ಕರ್ನಾಟಕದಲ್ಲಿ ಆಯ್ಕೆಯಾದದ್ದು ಗುಲಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳು. ಯಾದಗಿರಿ, ಶಹಾಪುರ, ಸುರಪುರ ಆಗ ಗುಲಬರ್ಗಾ ಜಿಲ್ಲೆಯ ತಾಲ್ಲೂಕುಗಳು; ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2009ರ ಡಿಸೆಂಬರ್‌ನಲ್ಲಿ. ಬೆಂಗಳೂರಿಗೆ ದೂರದರ್ಶನ ಬರುವ ಮೊದಲೇ ಈ ಭಾಗದ ಹಳ್ಳಿಗರು ಬೇಸಾಯ, ಆರೋಗ್ಯದ ಪಾಠಗಳನ್ನು ಆಕಾಶದಿಂದ ಪಡೆದರು.

ಇಂದು ಅದೇ ಆಕಾಶದಿಂದ ಮೊಬೈಲಿಗೆ ವದಂತಿಗಳೂ ಇಳಿಯುತ್ತಿವೆ. 2017ರ ಫೆಬ್ರುವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಕರ್ನಾಟಕದಲ್ಲಿ ಆರಂಭವಾದಾಗ ಅದರ ವಿರುದ್ಧ ವಾಟ್ಸ್‌ಆ್ಯಪ್‌ನಲ್ಲಿ ಸುಳ್ಳು ಸುದ್ದಿ ಹರಿದಾಡಿತು. ‘ಎಕ್ಸ್-ಫೈಲ್ಸ್’ನ ಹತ್ತನೆಯ ಸರಣಿಯೂ ಸಿಡುಬಿನ ಲಸಿಕೆಯ ಹಿಂದೆ ಸಂಚು ಕಂಡಿತ್ತು. ಆದರೆ ಅದೇ ಲಸಿಕೆಯ ಬಲದಿಂದ ಸಿಡುಬು ಭೂಮಿಯಿಂದ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಸಾರಿದ್ದು ಚರಿತ್ರೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಮಕ್ಕಳ ಕಳ್ಳರೆಂಬ ವದಂತಿ ನಂಬಿದ ಜನ ಹೈದರಾಬಾದಿನ ಯುವ ಎಂಜಿನಿಯರೊಬ್ಬರನ್ನು ಹೊಡೆದು ಕೊಂದರು. ಕಿರುತೆರೆಯ ಸಂಚಿನ ಕಥೆ ಕೆಟ್ಟರೆ ಒಂದು ಸಂಜೆ ಹಾಳು. ಬೀದಿಗಿಳಿದ ಸಂಚಿನ ಕಥೆ ಪ್ರಾಣವನ್ನೇ ತೆಗೆಯುತ್ತದೆ.

ಪಾಲಕರಿಗೆ ಒಂದು ಮಾತು

ಮಕ್ಕಳು ಇಂಥ ಧಾರಾವಾಹಿ ನೋಡಿದರೆ ಗದರಬೇಡಿ. ಜೊತೆಗೆ ಕುಳಿತು ನೋಡಿ, ಮೂರು ಪ್ರಶ್ನೆ ಕೇಳಿ: ಇದನ್ನು ಹೇಳಿದವರು ಯಾರು? ಅವರಿಗೆ ಹೇಗೆ ಗೊತ್ತಾಯಿತು? ಇದು ಸುಳ್ಳಾಗಿದ್ದರೆ ನಮಗೆ ತಿಳಿಯುವುದು ಹೇಗೆ? ಮೂರನೆಯ ಪ್ರಶ್ನೆಗೆ ಉತ್ತರವಿಲ್ಲದ ಸುದ್ದಿಯನ್ನು ಮುಂದಿನವರಿಗೆ ಕಳಿಸದಿರುವುದೇ ಲೇಸು. ರಜೆಯ ದಿನ ವಿಭೂತಿಹಳ್ಳಿಗೋ ರಾಜನಕೋಳೂರಿಗೋ ಮಕ್ಕಳನ್ನು ಕರೆದೊಯ್ಯಿರಿ. ಕೈಗೊಂದು ನೋಟ್‌ಬುಕ್, ಒಂದು ಅಳತೆ ಟೇಪು ಕೊಡಿ. ಕಲ್ಲುಗಳನ್ನು ಕದಲಿಸದೆ, ಅವುಗಳ ಮೇಲೆ ಹೆಸರು ಕೆತ್ತದೆ ಎಣಿಸಲಿ, ಅಳೆಯಲಿ, ಬರೆಯಲಿ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಗಾದೆ ಕಟ್ಟಿದ್ದಾರೆ. ಸ್ಕಲ್ಲಿಯ ಪಾಠವೂ ಅಷ್ಟೇ.