ಮಗುವಿನ ರಕ್ತದ ಕ್ಯಾನ್ಸರ್: ವರದಿಯ ಯಾವ ಅಂಕಿ ಏನು ಹೇಳುತ್ತದೆ?

ಲ್ಯಾಬಿನಿಂದ ಮಗುವಿನ ರಕ್ತ ಪರೀಕ್ಷೆಯ ವರದಿ ಬರುತ್ತದೆ. ಬಿಳಿ ರಕ್ತಕಣಗಳ ಮುಂದೆ 80,000 ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದೆ. ಸಾಮಾನ್ಯವಾಗಿ ಇರಬೇಕಾದದ್ದು ನಾಲ್ಕರಿಂದ ಹನ್ನೊಂದು ಸಾವಿರ, ಚಿಕ್ಕ ಮಕ್ಕಳಲ್ಲಿ ತುಸು ಹೆಚ್ಚು. ಮನೆಯಲ್ಲಿ ಓದಲು ಬರುವವರೊಬ್ಬರು ಅದನ್ನು ಓದಿ ಹೇಳುತ್ತಾರೆ, ಸಂಜೆಯೊಳಗೆ ಸುದ್ದಿ ಇಡೀ ಮೊಹಲ್ಲಾಕ್ಕೆ ಹಬ್ಬುತ್ತದೆ. “ಇಷ್ಟೊಂದು ಏರಿದ ಮೇಲೆ ಇನ್ನೇನು ಉಳಿದಿದೆ? ತಕ್ದೀರ್!” ಎಂದು ಯಾರೋ ನಿಟ್ಟುಸಿರು ಬಿಡುತ್ತಾರೆ. ಓದುಗರೇ, ಆ ನಿಟ್ಟುಸಿರು ಎಷ್ಟೋ ಸಲ ರೋಗಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ. ಮೊದಲ ದಿನದ ಅಂಕಿ ಮಗುವಿನ ಹಣೆಬರಹವಲ್ಲ. ವೈದ್ಯರು ಯಾವ ಅಂಕಿಯನ್ನು ಯಾತಕ್ಕೆ ನೋಡುತ್ತಾರೆಂದು ತಿಳಿದುಕೊಂಡರೆ ಇದು ನಿಮಗೇ ಸ್ಪಷ್ಟವಾಗುತ್ತದೆ.

ಮಕ್ಕಳಲ್ಲಿ ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಎಂದರೆ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ. ಮೂಳೆಯೊಳಗಿನ ಮಜ್ಜೆ ಬಲಿತ ರಕ್ತಕಣಗಳ ಬದಲು ‘ಬ್ಲಾಸ್ಟ್’ ಎಂಬ ಎಳೆಯ, ಕೆಲಸಕ್ಕೆ ಬಾರದ ಕಣಗಳನ್ನು ಎಡೆಬಿಡದೆ ಹುಟ್ಟಿಸುತ್ತದೆ. ಬಿಡದ ಜ್ವರ, ಬಿಳಿಚಿದ ಮುಖ, ಏಟು ಬೀಳದೆಯೂ ಮೈಮೇಲೆ ಮೂಡುವ ನೀಲಿ ಕಲೆ, ರಾತ್ರಿ ಅಳಿಸುವಂಥ ಕಾಲುನೋವು, ಕುತ್ತಿಗೆಯ ಗಂಟು - ಇವು ಅದರ ಲಕ್ಷಣಗಳು.

ವರದಿಯಲ್ಲಿ ಎರಡು ಬಗೆಯ ಅಂಕಿಗಳಿರುತ್ತವೆ. ಕೆಲವು ಇಂದಿನ ಅಪಾಯವನ್ನು ಹೇಳುತ್ತವೆ. ಹಿಮೋಗ್ಲೋಬಿನ್ ಐದಕ್ಕೆ ಇಳಿದಿದ್ದರೆ ರಕ್ತ ಕೊಡಬೇಕು. ಒಂದೂವರೆ ಲಕ್ಷಕ್ಕಿಂತ ಹೆಚ್ಚಿರಬೇಕಾದ ಪ್ಲೇಟ್‌ಲೆಟ್ ಹತ್ತು ಸಾವಿರಕ್ಕೆ ಬಂದಿದ್ದರೆ ಅದನ್ನೂ ಕೊಡಬೇಕು. ಯೂರಿಕ್ ಆಸಿಡ್ ಏರಿದ್ದರೆ ಮೂತ್ರಪಿಂಡವನ್ನು ಕಾಯಬೇಕು. ಇವು ತುರ್ತಿನವು, ಆದರೆ ಮಗು ಗುಣವಾಗುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವಂಥವಲ್ಲ. ತಾಯಂದಿರು ಹೆಚ್ಚು ಹೆದರುವುದು ಮಾತ್ರ ಇವುಗಳಿಗೇ.

ಮುಂದಿನ ದಾರಿಯನ್ನು ಅಂದಾಜಿಸಲು ಮೊದಲ ದಿನ ಮುಖ್ಯವಾಗಿ ನೋಡುವುದು ಬಿಳಿ ಕಣಗಳ ಸಂಖ್ಯೆ ಮತ್ತು ಮಗುವಿನ ವಯಸ್ಸು. 1993ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಕರೆದ ಸಭೆಯಲ್ಲಿ ತಜ್ಞರು ಒಂದು ಗೆರೆ ಎಳೆದರು. ವಯಸ್ಸು ಒಂದರಿಂದ ಹತ್ತರೊಳಗೆ, ಬಿಳಿ ಕಣ 50,000ಕ್ಕಿಂತ ಕಡಿಮೆ ಇದ್ದರೆ ಸಾಧಾರಣ ಅಪಾಯ. ಇಲ್ಲದಿದ್ದರೆ ಹೆಚ್ಚಿನ ಅಪಾಯ. ಅಂದರೆ ಹನ್ನೆರಡು ವರ್ಷದ ಹುಡುಗನ ಎಣಿಕೆ ಬರೀ ಎಂಟು ಸಾವಿರ ಇದ್ದರೂ ಅವನು ಎರಡನೆಯ ಗುಂಪಿಗೇ ಸೇರುತ್ತಾನೆ. ‘ಹೆಚ್ಚಿನ ಅಪಾಯ’ ಎಂದರೆ ಆಸೆ ಬಿಡಿ ಎಂದಲ್ಲ, ಇನ್ನಷ್ಟು ಬಲವಾದ ಔಷಧ ಬೇಕು ಎಂದು. ಔಷಧವನ್ನು ಅಳೆದು ಕೊಡಲೆಂದೇ ಈ ಗೆರೆ ಇರುವುದು.

ಅದಕ್ಕಿಂತ ಹೆಚ್ಚು ಮಾತಾಡುವುದು ಔಷಧಕ್ಕೆ ರೋಗ ಕೊಡುವ ಉತ್ತರ. ಜರ್ಮನಿಯ ವೈದ್ಯರು 1980ರ ದಶಕದಲ್ಲಿ ಒಂದು ಸರಳ ಪರೀಕ್ಷೆಯನ್ನು ರೂಢಿಗೆ ತಂದರು. ಏಳು ದಿನ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮತ್ತು ಬೆನ್ನುಹುರಿಯ ದ್ರವಕ್ಕೆ ಒಂದು ಇಂಜೆಕ್ಷನ್ ಕೊಟ್ಟು, ಎಂಟನೆಯ ದಿನ ರಕ್ತದ ಬ್ಲಾಸ್ಟ್‌ಗಳನ್ನು ಎಣಿಸುವುದು. ಒಂದು ಸಾವಿರಕ್ಕಿಂತ ಕಡಿಮೆ ಇದ್ದರೆ ಒಳ್ಳೆಯ ಉತ್ತರ. ನೂರಕ್ಕೆ ಸುಮಾರು ತೊಂಬತ್ತು ಮಕ್ಕಳು ಈ ಪರೀಕ್ಷೆಯಲ್ಲಿ ಪಾಸಾಗುತ್ತಾರೆ. ಎಂಬತ್ತು ಸಾವಿರದಿಂದ ಶುರುವಾದ ಮಕ್ಕಳೂ ಅವರಲ್ಲಿರುತ್ತಾರೆ.

ಇಲ್ಲಿ ಒಂದು ಮಾತನ್ನು ಖಾರವಾಗಿಯೇ ಹೇಳಬೇಕು. ಜ್ವರಕ್ಕೂ ಕಾಲುನೋವಿಗೂ ಪರೀಕ್ಷೆಯಿಲ್ಲದೆ ಸ್ಟೀರಾಯ್ಡ್ ಇಂಜೆಕ್ಷನ್ ಚುಚ್ಚಿಸಿಕೊಳ್ಳುವ ಅಭ್ಯಾಸ ಬಿಡಿ. ಅದರಿಂದ ಜ್ವರ ಇಳಿಯುತ್ತದೆ, ಮಗು ಎದ್ದು ಆಡುತ್ತದೆ, ಬ್ಲಾಸ್ಟ್‌ಗಳೂ ತಾತ್ಕಾಲಿಕವಾಗಿ ಕರಗುತ್ತವೆ. ಆಮೇಲೆ ನಿಜವಾದ ಮೊದಲ ಅಂಕಿ ಯಾರಿಗೂ ಸಿಗುವುದಿಲ್ಲ. ರೋಗ ಪತ್ತೆಯಾಗುವುದೇ ವಾರಗಟ್ಟಲೆ ತಡವಾಗಬಹುದು. ಹಾಗೇನಾದರೂ ಕೊಡಿಸಿದ್ದರೆ ದೊಡ್ಡಾಸ್ಪತ್ರೆಯಲ್ಲಿ ಮುಚ್ಚಿಡದೆ ಹೇಳಿ. ದುವಾ, ದಮ್ ಮಾಡಿಸುವವರು ಮಾಡಿಸಲಿ, ಆಸ್ಪತ್ರೆಯ ಮಂಚದ ಪಕ್ಕದಲ್ಲೂ ಅದನ್ನು ಮಾಡಬಹುದಲ್ಲ.

ಮೊದಲ ಹಂತದ ಚಿಕಿತ್ಸೆ ಸುಮಾರು ಒಂದು ತಿಂಗಳಿನದು. ಅದು ಮುಗಿಯುವಾಗ ಹೆಚ್ಚಿನ ಮಕ್ಕಳ ರಕ್ತ ಶುದ್ಧವಾಗಿ ಕಾಣುತ್ತದೆ. “ವಾಸಿಯಾಯಿತು” ಎಂದು ಊರಿಗೆ ಮರಳಿ, ಮತ್ತೆ ಆಸ್ಪತ್ರೆಯತ್ತ ತಲೆ ಹಾಕದ ಕುಟುಂಬಗಳೂ ಇವೆ. ಲೆಕ್ಕ ನೋಡಿ: ರೋಗ ಪತ್ತೆಯಾದಾಗ ಮೈಯಲ್ಲಿ ಸುಮಾರು ಒಂದು ಲಕ್ಷ ಕೋಟಿ ಕ್ಯಾನ್ಸರ್ ಕಣಗಳಿರುತ್ತವೆ. ಅದರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಸತ್ತರೂ ಸಾವಿರ ಕೋಟಿ ಉಳಿಯುತ್ತವೆ! ಸೂಕ್ಷ್ಮದರ್ಶಕದಲ್ಲಿ ಅವು ಕಾಣದೆ ಹೋಗಬಹುದು. ಅವನ್ನು ಹುಡುಕುವ ಪರೀಕ್ಷೆಗೆ ಎಂಆರ್‌ಡಿ ಎನ್ನುತ್ತಾರೆ. ಮಜ್ಜೆಯ ಹತ್ತು ಸಾವಿರ ಕಣಗಳಲ್ಲಿ ಒಂದೇ ಒಂದು ಕೆಟ್ಟದ್ದಿದ್ದರೂ ಇದು ಹಿಡಿಯಬಲ್ಲದು. ಇಂದು ಮಗುವಿನ ಮುಂದಿನ ಗತಿಯನ್ನು ಅಂದಾಜಿಸುವ ಗುರುತುಗಳಲ್ಲಿ ಅತ್ಯಂತ ಬಲವಾದದ್ದು ಇದೇ. ಫಲಿತಾಂಶ ಶೇ. 0.01ಕ್ಕಿಂತ ಕಡಿಮೆ ಬಂದರೆ ಶುಭ ಸೂಚನೆ. ಹೆಚ್ಚು ಬಂದರೆ ಚಿಕಿತ್ಸೆ ಬಿಗಿಯಾಗುತ್ತದೆ. ಎರಡರಲ್ಲೂ ಚಿಕಿತ್ಸೆ ಎರಡು, ಎರಡೂವರೆ ವರ್ಷ ನಡೆಯಲೇಬೇಕು.

ಕಣದ ವಂಶವಾಹಿಯನ್ನೂ ನೋಡುತ್ತಾರೆ. 1960ರಲ್ಲಿ ಪತ್ತೆಯಾದ ‘ಫಿಲಡೆಲ್ಫಿಯಾ’ ಎಂಬ ದೋಷ ಈ ಮಕ್ಕಳಲ್ಲಿ ನೂರಕ್ಕೆ ಮೂರರಿಂದ ಐವರಲ್ಲಿ ಇರುತ್ತದೆ. ಹಿಂದೆ ಇದು ಬಹಳ ಕೆಟ್ಟ ಗುರುತಾಗಿತ್ತು. ಇಮ್ಯಾಟಿನಿಬ್ ಮಾತ್ರೆ ಬಂದ ಮೇಲೆ ಅದರ ಅರ್ಥವೇ ಬದಲಾಯಿತು. ನಮ್ಮ ನೆರೆಯ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ಅಮೆರಿಕದಲ್ಲಿ ತಯಾರಿಸಿದ ಅಮಿನಾಪ್ಟೆರಿನ್ ಔಷಧವನ್ನು ಡಾ. ಸಿಡ್ನಿ ಫಾರ್ಬರ್ ಬೋಸ್ಟನ್ನಿನಲ್ಲಿ ಮಕ್ಕಳಿಗೆ ಕೊಟ್ಟು 1948ರಲ್ಲಿ ಫಲಿತಾಂಶ ಪ್ರಕಟಿಸಿದ್ದರು. ಆಗ ಸಿಕ್ಕಿದ್ದು ಕೆಲವೇ ತಿಂಗಳ ಬಿಡುವು. ಈಗ ಶ್ರೀಮಂತ ದೇಶಗಳಲ್ಲಿ ನೂರರಲ್ಲಿ ಸುಮಾರು ತೊಂಬತ್ತು ಮಕ್ಕಳು ಬದುಕುತ್ತಾರೆ.

ನಮ್ಮಲ್ಲಿ ಅಷ್ಟು ಏಕಿಲ್ಲ? ನಡುವೆ ಚಿಕಿತ್ಸೆ ಬಿಡುವುದು ಒಂದು ಕಾರಣ, ಸೋಂಕು ಇನ್ನೊಂದು. ಯಾವ ಲ್ಯಾಬೂ ಅಳೆಯದ ಅಂಕಿಯೊಂದಿದೆ: ದೂರ. ಮಾಲೂರಿನವರಿಗೆ ಬೆಂಗಳೂರಿನ ರೈಲು ಇದೆ. ಮುಳಬಾಗಿಲಿನಿಂದ ಬೆಂಗಳೂರು ನೂರು ಕಿಲೋಮೀಟರಿಗೆ ಹತ್ತಿರ. ಶ್ರೀನಿವಾಸಪುರದ ಹಳ್ಳಿಯವರು ಮೊದಲು ಪೇಟೆಗೆ ಬಂದು ಬಸ್ಸು ಹಿಡಿಯಬೇಕು, ಮಾವಿನ ಸುಗ್ಗಿಯಲ್ಲಿ ಕೂಲಿಯನ್ನೂ ಬಿಡಬೇಕು. ಔಷಧದ ದಿನಗಳಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ಕಣ 500ಕ್ಕಿಂತ ಕೆಳಗಿಳಿದಾಗ ಸಣ್ಣ ಸೋಂಕೂ ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಬರಬಹುದು. ಜ್ವರ 100.4 ಡಿಗ್ರಿ ದಾಟಿದರೆ ಬೆಳಗಾಗಲಿ ಎಂದು ಕಾಯಬೇಡಿ. ಕೋಲಾರದ ಎಸ್‌ಎನ್‌ಆರ್ ಆಸ್ಪತ್ರೆಯೋ ಟಮಕದ ಜಾಲಪ್ಪ ಆಸ್ಪತ್ರೆಯೋ, ಹತ್ತಿರದ್ದಕ್ಕೆ ಓಡಿ. ‘ಕೀಮೋ ನಡೆಯುತ್ತಿದೆ’ ಎಂದು ಬಾಗಿಲಲ್ಲೇ ಹೇಳಿ, ಮೊದಲ ಆಂಟಿಬಯಾಟಿಕ್ ಅಲ್ಲೇ ಹಾಕಿಸಿ, ಬೆಂಗಳೂರಿನ ವೈದ್ಯರಿಗೆ ಫೋನ್ ಮಾಡಿ.

ಬೆಂಗಳೂರಿನಲ್ಲಿ ನಮ್ಮ ಜಿಲ್ಲೆಯವರಿಗೆ ಹಳೆಯ ಪರಿಚಯದ ಜಾಗ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ. ಸ್ವಾತಂತ್ರ್ಯ ಹೋರಾಟಗಾರರೂ ಕೇಂದ್ರ ಸಚಿವರೂ ಆಗಿದ್ದ ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರಿನ ಈ ಆಸ್ಪತ್ರೆ 1973ರಲ್ಲಿ ಆರಂಭವಾಯಿತು. ಮಕ್ಕಳಿಗೆ ಪ್ರತ್ಯೇಕ ವಿಭಾಗವಿದೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಆಧಾರ್, ರೇಷನ್ ಕಾರ್ಡ್ ಜೊತೆಗಿಟ್ಟುಕೊಳ್ಳಿ. ಬಸ್ ಚಾರ್ಜು, ಬಾಡಿಗೆ ಕೋಣೆ, ತಪ್ಪಿದ ಕೂಲಿ ಯಾವ ಕಾರ್ಡಿನಲ್ಲೂ ಬರುವುದಿಲ್ಲ. ಜಕಾತ್ ಹಣ ಹಂಚುವ ಜಮಾಅತ್‌ನ ಹಿರಿಯರು ಈ ಖರ್ಚನ್ನು ಮೊದಲ ತಿಂಗಳಿಗಷ್ಟೇ ಅಲ್ಲ, ಎರಡೂ ವರ್ಷಕ್ಕೆ ಲೆಕ್ಕ ಹಾಕಬೇಕು. ಕಾಯಿಲೆ ಬಿದ್ದದ್ದು ಹೆಣ್ಣುಮಗುವಾದರೆ ಇನ್ನೂ ಹೆಚ್ಚು ಗಮನವಿರಲಿ, ಕೈಚೆಲ್ಲುವವರು ಅಲ್ಲಿ ಬೇಗ ಸಿಗುತ್ತಾರೆ.

ವರದಿಗಳನ್ನೆಲ್ಲ ದಿನಾಂಕದ ಕ್ರಮದಲ್ಲಿ ಒಂದೇ ಫೈಲಿನಲ್ಲಿಡಿ. ವೈದ್ಯರನ್ನು ಮೂರು ಪ್ರಶ್ನೆ ಕೇಳಲು ಸಂಕೋಚಪಡಬೇಡಿ: ನಮ್ಮ ಮಗು ಯಾವ ಅಪಾಯದ ಗುಂಪಿನಲ್ಲಿದೆ? ಎಂಟನೆಯ ದಿನ ಏನು ಬಂತು? ತಿಂಗಳ ಕೊನೆಯ ಎಂಆರ್‌ಡಿ ಎಷ್ಟು? ಉತ್ತರವನ್ನು ಫೈಲಿನ ಮೊದಲ ಹಾಳೆಯಲ್ಲೇ ಬರೆದಿಡಿ. ರಾತ್ರಿ ಹೊತ್ತು ಜ್ವರ ಬಂದು ಬೇರೆ ಆಸ್ಪತ್ರೆಗೆ ಹೋಗಬೇಕಾದಾಗ ಅಲ್ಲಿನ ವೈದ್ಯರು ಮೊದಲು ತೆರೆಯುವುದು ಅದೇ ಹಾಳೆಯನ್ನು.